ಸೊಲ್ಲಾಪುರದ ಜೀವರಾಜ ದೋಶಿಯವರ ಶಾಸ್ತ್ರದಾನ: ಒಬ್ಬ ವ್ಯಾಪಾರಿಯ ಆಸ್ತಿ ಗ್ರಂಥಮಾಲೆಯಾದ ಬಗೆ

ಜೈನ ಸಾಹಿತ್ಯವನ್ನು ಸ್ವಲ್ಪ ಆಳವಾಗಿ ಓದಹೊರಟ ಕನ್ನಡಿಗರಿಗೆ ‘ಜೀವರಾಜ ಜೈನ ಗ್ರಂಥಮಾಲಾ, ಸೋಲಾಪುರ’ ಎಂಬ ಹೆಸರು ಯಾವುದಾದರೊಂದು ಅಡಿಟಿಪ್ಪಣಿಯಲ್ಲಿ ಎದುರಾಗಿಯೇ ಇರುತ್ತದೆ. ಪಂಪನ ಕಾಲದ ರಾಜಕೀಯವನ್ನು ಹುಡುಕುವವರು, ನೃಪತುಂಗನ ಆಳ್ವಿಕೆಯ ಗಣಿತವನ್ನು ಅರಸುವವರು, ಕೊಪ್ಪಳದ ಶಾಸನಗಳ ಜಾಡು ಹಿಡಿದವರು, ಎಲ್ಲರೂ ಒಂದಲ್ಲ ಒಂದು ಹಂತದಲ್ಲಿ ಈ ಮಾಲೆಯ ಪುಸ್ತಕವೊಂದನ್ನು ತೆರೆಯಬೇಕಾಗುತ್ತದೆ. ಆದರೆ ಆ ಜೀವರಾಜರು ಯಾರು, ಅವರ ಹೆಸರು ಪುಸ್ತಕದ ಮೇಲೆ ಏಕಿದೆ, ಒಬ್ಬರ ಆಸ್ತಿ ಹೀಗೆ ಗ್ರಂಥಗಳ ಸಾಲಾಗಿ ಮಾರ್ಪಡುವುದು ಹೇಗೆ ಎಂಬುದು ಸೊಲ್ಲಾಪುರದ ಕನ್ನಡಿಗರಲ್ಲಿಯೂ ಹಲವರಿಗೆ ತಿಳಿದಿಲ್ಲ. ಬೋರ್ಡಿಂಗು, ಆಸ್ಪತ್ರೆ, ಬಸದಿಗಳನ್ನು ಕಟ್ಟಿಸಿದ ದಾನಿಗಳ ಹೆಸರು ಕಲ್ಲಿನ ಮೇಲಿರುತ್ತದೆ, ದಾರಿಹೋಕರೂ ಓದುತ್ತಾರೆ. ಗ್ರಂಥಕ್ಕೆ ಕೊಟ್ಟ ದಾನಿಯ ಹೆಸರನ್ನು ಆ ಗ್ರಂಥವನ್ನು ಕೈಗೆತ್ತಿಕೊಂಡವರು ಮಾತ್ರ ಓದುತ್ತಾರೆ.

ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ಸೊಲ್ಲಾಪುರದವರು. ಸಿದ್ಧರಾಮನ ಈ ಊರಿನಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಒಂದೇ ಪೇಟೆಯಲ್ಲಿ ಕೇಳಿಬರುತ್ತವೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಇಲ್ಲಿನ ಜೈನ ಸಮಾಜವನ್ನು ಅರಿಯಲು ಒಂದು ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳ ಕಡೆ ಜೈನರೆಂದರೆ ಬಹುಪಾಲು ಒಕ್ಕಲುತನ ಮಾಡುವ, ಚತುರ್ಥ ಮತ್ತು ಪಂಚಮ ಎಂಬ ಜೈನ ಪಂಗಡಗಳವರು. ಅವರಲ್ಲಿ ಕನ್ನಡ, ಮರಾಠಿ ಎರಡೂ ಹಾಸುಹೊಕ್ಕಾಗಿವೆ. ಸೊಲ್ಲಾಪುರದ ಪೇಟೆಯಲ್ಲಿ ಪ್ರಮುಖರಾದ ದೋಶಿ, ಗಾಂಧಿ, ಶಹಾ ಮನೆತನಗಳಾದರೋ ಗುಜರಾತಿನ ಕಡೆಯಿಂದ ಬಂದು ನೆಲೆಸಿದ ಹೂಮಡ ಪಂಗಡದ ದಿಗಂಬರ ವರ್ತಕರವು. ಮುಂದೆ ಹಡಗು, ವಿಮಾನ, ಸಕ್ಕರೆ ಕೈಗಾರಿಕೆಗಳಲ್ಲಿ ಹೆಸರಾದ ವಾಲಚಂದ ಹಿರಾಚಂದರು 1882ರಲ್ಲಿ ಹುಟ್ಟಿದ್ದು ಇದೇ ಊರಿನ ಇದೇ ಸಮಾಜದಲ್ಲಿ. ವಾಲಚಂದರ ಹೆಸರು ದೇಶಕ್ಕೆಲ್ಲ ಗೊತ್ತು, ಜೀವರಾಜರ ಹೆಸರು ವಿದ್ವಾಂಸರ ವಲಯದಲ್ಲಿಯೇ ಉಳಿಯಿತು.

ಅವರ ದಾನದ ಕಥೆ 1940ರಲ್ಲಿ ಆರಂಭವಾಗುತ್ತದೆ. ಆ ವೇಳೆಗಾಗಲೇ ಅವರು ಸಂಸಾರದಲ್ಲಿ ಉದಾಸೀನರಾಗಿ, ಧರ್ಮಕಾರ್ಯದಲ್ಲಿ ಮನಸ್ಸು ತೊಡಗಿಸಿ ವರ್ಷಗಳಾಗಿದ್ದವು. ಆ ವರ್ಷ ಅವರಿಗೆ, ತಾವು ನ್ಯಾಯವಾಗಿ ಗಳಿಸಿದ ಸಂಪತ್ತನ್ನು ಧರ್ಮದ ಮತ್ತು ಸಮಾಜದ ಏಳಿಗೆಗೆ ವಿನಿಯೋಗಿಸಬೇಕೆಂಬ ಇಚ್ಛೆ ಪ್ರಬಲವಾಯಿತು. ಗ್ರಂಥಮಾಲೆಯ ಪುಸ್ತಕಗಳ ಆರಂಭದಲ್ಲಿ ಅಚ್ಚಾಗುತ್ತಿದ್ದ ಪರಿಚಯದಲ್ಲಿ ಈ ಸಂಪತ್ತನ್ನು ‘ನ್ಯಾಯೋಪಾರ್ಜಿತ’ ಎಂದು ಕರೆಯಲಾಗಿದೆ. ಅದು ಬರಿಯ ಅಲಂಕಾರದ ವಿಶೇಷಣವಲ್ಲ. ಶ್ರಾವಕನ ಧರ್ಮವನ್ನು ನಿರೂಪಿಸುವ ಗ್ರಂಥಗಳ ಪ್ರಕಾರ ಗೃಹಸ್ಥನಿಗೆ ಇರಬೇಕಾದ ಮೊದಲ ಗುಣಗಳಲ್ಲಿ ನ್ಯಾಯದಿಂದ ಧನಾರ್ಜನೆ ಮಾಡುವುದೂ ಒಂದು. ಹಾಗೆ ಗಳಿಸದ ಹಣದಿಂದ ಮಾಡಿದ ದಾನಕ್ಕೆ ದಾನದ ಬೆಲೆ ಇಲ್ಲ.

ಇಲ್ಲಿ ಜೈನ ಗೃಹಸ್ಥನ ವ್ರತಗಳ ಬಗ್ಗೆ ಎರಡು ಮಾತು ಅಗತ್ಯ. ಮುನಿಗೆ ಅಪರಿಗ್ರಹವು ಮಹಾವ್ರತ, ಅಂದರೆ ಏನನ್ನೂ ತನ್ನದೆಂದು ಇಟ್ಟುಕೊಳ್ಳದಿರುವುದು. ಗೃಹಸ್ಥನಿಗೆ ಅದೇ ವ್ರತವು ಅಣುವ್ರತವಾಗಿ, ಪರಿಗ್ರಹ ಪರಿಮಾಣವಾಗಿ ಇಳಿಯುತ್ತದೆ: ಹೊಲ, ಮನೆ, ಬಂಗಾರ, ಧಾನ್ಯ ಇಷ್ಟಿರಲಿ ಎಂದು ತಾನೇ ಮಿತಿ ಹಾಕಿಕೊಂಡು, ಮಿತಿ ಮೀರಿದ್ದನ್ನು ದಾನಕ್ಕೆ ಬಿಡುವುದು. ಅಲ್ಲಿಂದ ಮುಂದಕ್ಕೆ ಹನ್ನೊಂದು ಪ್ರತಿಮೆಗಳೆಂಬ ಮೆಟ್ಟಿಲುಗಳಿವೆ. ಏಳನೆಯದು ಬ್ರಹ್ಮಚರ್ಯ, ಎಂಟನೆಯದು ಆರಂಭತ್ಯಾಗ ಅಂದರೆ ಉದ್ಯೋಗ ವ್ಯಾಪಾರಗಳನ್ನು ಬಿಡುವುದು, ಒಂಬತ್ತನೆಯದು ಪರಿಗ್ರಹತ್ಯಾಗ, ಕೊನೆಯ ಎರಡರಲ್ಲಿ ಮನೆಯ ವ್ಯವಹಾರಗಳಿಗೆ ಒಪ್ಪಿಗೆ ಕೊಡುವುದನ್ನೂ ತನಗಾಗಿ ಮಾಡಿದ ಅಡುಗೆಯನ್ನು ಉಣ್ಣುವುದನ್ನೂ ಬಿಡಬೇಕು. ಹೆಸರಿನ ಹಿಂದೆ ‘ಬ್ರಹ್ಮಚಾರಿ’ ಎಂದು ಇರುವ ದಿಗಂಬರ ಶ್ರಾವಕರು ಈ ಮೆಟ್ಟಿಲುಗಳ ದಾರಿಯಲ್ಲಿ ಹೊರಟವರು. ಆದುದರಿಂದ ಜೀವರಾಜರು ಆಸ್ತಿಯನ್ನು ಬಿಟ್ಟುಕೊಟ್ಟದ್ದನ್ನು ಶ್ರೀಮಂತನೊಬ್ಬನ ಔದಾರ್ಯವೆಂದಷ್ಟೇ ಓದಿದರೆ ಅರ್ಧ ಮಾತ್ರ ಓದಿದಂತಾಗುತ್ತದೆ. ಪಡೆಯುವವರಿಗೆ ಅದು ದಾನ, ಕೊಡುವವರ ಲೆಕ್ಕದಲ್ಲಿ ಅದು ತ್ಯಾಗ. ಆಸ್ತಿ ಎಲ್ಲಿಗಾದರೂ ಹೋಗಲೇಬೇಕಾಗಿತ್ತು, ಎಲ್ಲಿಗೆ ಹೋದರೆ ಯೋಗ್ಯ ಎಂಬುದಷ್ಟೇ ಅವರ ಮುಂದಿದ್ದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಕಂಡುಕೊಂಡ ರೀತಿಯೇ, ನನ್ನ ದೃಷ್ಟಿಯಲ್ಲಿ, ಅವರ ಜೀವನದ ಅತ್ಯಂತ ಸ್ವಾರಸ್ಯಕರವಾದ ಭಾಗ. ದಾನಿಗಳು ಸಾಮಾನ್ಯವಾಗಿ ಏನು ಮಾಡಬೇಕೆಂದು ಮೊದಲೇ ನಿಶ್ಚಯಿಸಿಕೊಂಡು ಬರುತ್ತಾರೆ. ಜೀವರಾಜರು ದೇಶವನ್ನೆಲ್ಲ ಸುತ್ತಿ, ಯಾವ ಕಾರ್ಯಕ್ಕೆ ಈ ಹಣವನ್ನು ಬಳಸಬೇಕೆಂದು ಜೈನ ವಿದ್ವಾಂಸರ ಅಭಿಪ್ರಾಯಗಳನ್ನು ಕೇಳಿದರು. ಕೆಲವರನ್ನು ಕಂಡು ಬಾಯಿಮಾತಿನಲ್ಲಿ ಪಡೆದರು, ಕೆಲವರಿಂದ ಬರಹದಲ್ಲಿ ತರಿಸಿಕೊಂಡರು. ಎಲ್ಲ ಅಭಿಪ್ರಾಯಗಳು ಕೈಸೇರಿದ ಮೇಲೆ 1941ರ ಬೇಸಿಗೆಯಲ್ಲಿ ನಾಸಿಕದ ಹತ್ತಿರದ ಗಜಪಂಥ ಸಿದ್ಧಕ್ಷೇತ್ರದಲ್ಲಿ ವಿದ್ವಾಂಸರ ಸಭೆಯನ್ನು ಕರೆದರು. ಆ ಸಮ್ಮೇಳನದ ಫಲವಾಗಿ ಜೈನ ಸಂಸ್ಕೃತಿ ಮತ್ತು ಸಾಹಿತ್ಯದ ಎಲ್ಲ ಅಂಗಗಳ ಸಂರಕ್ಷಣೆ, ಉದ್ಧಾರ ಮತ್ತು ಪ್ರಚಾರಕ್ಕಾಗಿ ‘ಜೈನ ಸಂಸ್ಕೃತಿ ಸಂರಕ್ಷಕ ಸಂಘ’ವು ಸ್ಥಾಪನೆಯಾಯಿತು; ಅದಕ್ಕಾಗಿ ಅವರು 30,000 ರೂಪಾಯಿಗಳ ದಾನವನ್ನು ಘೋಷಿಸಿದರು. ಮೂರು ವರ್ಷಗಳ ಬಳಿಕ, 1944ರಲ್ಲಿ, ಸುಮಾರು 2,00,000 ರೂಪಾಯಿ ಮೌಲ್ಯದ ತಮ್ಮ ಬಹುತೇಕ ಸಂಪೂರ್ಣ ಆಸ್ತಿಯನ್ನು ಟ್ರಸ್ಟಿನ ರೂಪದಲ್ಲಿ ಸಂಘಕ್ಕೆ ಒಪ್ಪಿಸಿಬಿಟ್ಟರು. ಸಾಮಾನ್ಯ ಶಾಲಾ ಶಿಕ್ಷಕರ ತಿಂಗಳ ಸಂಬಳವು ಹತ್ತುಗಳ ಲೆಕ್ಕದಲ್ಲಿ ಇದ್ದ ಕಾಲದ ಎರಡು ಲಕ್ಷವಿದು.

ಟ್ರಸ್ಟು ಎಂಬ ಮಾತು ಇಲ್ಲಿ ಮುಖ್ಯವಾದದ್ದು. ದಾನಿಯು ಪ್ರತಿ ವರ್ಷ ಇಷ್ಟು ಕೊಡುತ್ತೇನೆಂದು ಮಾತು ಕೊಟ್ಟರೆ, ಆ ಮಾತು ಅವನ ವ್ಯಾಪಾರದ ಏರಿಳಿತಕ್ಕೂ ಆಯುಸ್ಸಿಗೂ ವಾರಸುದಾರರ ಮನಸ್ಸಿಗೂ ಅಂಟಿಕೊಂಡಿರುತ್ತದೆ. ಟ್ರಸ್ಟು ಮಾಡಿಕೊಟ್ಟ ದಿನ ಆಸ್ತಿಯ ಒಡೆತನ ದಾನಿಯ ಕೈಬಿಟ್ಟು ವಿಶ್ವಸ್ತರ ಕೈಸೇರುತ್ತದೆ. ಅವರಾದರೂ ಅದನ್ನು ಪತ್ರದಲ್ಲಿ ಬರೆದ ಉದ್ದೇಶಕ್ಕೆ ಮಾತ್ರ ಬಳಸಬಲ್ಲರು. ದಾನಿ ಮನಸ್ಸು ಬದಲಾಯಿಸಿದರೂ ಹಿಂದಕ್ಕೆ ಪಡೆಯುವಂತಿಲ್ಲ, ಮಕ್ಕಳು ಮೊಮ್ಮಕ್ಕಳು ಪಾಲು ಕೇಳುವಂತಿಲ್ಲ. ಮುಂಬೈ ರಾಜ್ಯದಲ್ಲಿ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆ ಬಂದ ಮೇಲೆ ಇಂಥ ಸಂಸ್ಥೆಗಳೆಲ್ಲ ಧರ್ಮಾದಾಯ ಆಯುಕ್ತರಲ್ಲಿ ನೋಂದಾಯಿಸಿಕೊಂಡು ಲೆಕ್ಕ ಒಪ್ಪಿಸಬೇಕಾಯಿತು. ಗ್ರಂಥಪ್ರಕಟಣೆಗೆ ಈ ಏರ್ಪಾಡು ವಿಶೇಷವಾಗಿ ಹೊಂದುತ್ತದೆ. ಬಸದಿಯ ಕಟ್ಟಡವಾದರೆ ಎರಡು ಮೂರು ವರ್ಷಗಳಲ್ಲಿ ಮುಗಿಯುವ ಕೆಲಸ. ಪ್ರಾಕೃತ ಗ್ರಂಥವೊಂದರ ಸಂಪಾದನೆ ಹತ್ತು ವರ್ಷವನ್ನಾದರೂ ನುಂಗಬಹುದು, ಅಚ್ಚಾದ ಪ್ರತಿಗಳು ಮಾರಾಟವಾಗಲು ಇನ್ನೂ ಇಪ್ಪತ್ತು ವರ್ಷ ಬೇಕಾಗಬಹುದು. ಲಾಭವನ್ನು ನೋಡುವ ಪ್ರಕಾಶಕನು ಅದರ ಹತ್ತಿರ ಸುಳಿಯಲಾರ. ಮೂಲಧನವು ಉಳಿದು, ಅದರ ಆದಾಯವೂ ಪುಸ್ತಕ ಮಾರಾಟದ ಹಣವೂ ಮುಂದಿನ ಪುಸ್ತಕಕ್ಕೆ ಸೇರುತ್ತಾ ಹೋಗುವ ವ್ಯವಸ್ಥೆಯಲ್ಲಿ ಮಾತ್ರ ಇಂಥ ಕೆಲಸ ನಡೆಯುತ್ತದೆ.

ದಾನಕ್ಕೆ ಗ್ರಂಥವೇ ಏಕೆ ಎಂಬ ಪ್ರಶ್ನೆ ಕನ್ನಡಿಗರಿಗೆ ಹೊಸತಾಗಬಾರದು. ‘ಆಹಾರಾಭಯಭೈಷಜ್ಯಶಾಸ್ತ್ರದಾನವಿನೋದ’ ಎಂಬ ಬಿರುದಿನ ಮಾತು ಕರ್ನಾಟಕದ ಜೈನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ಹಸಿದವರಿಗೆ ಅನ್ನ, ಅಂಜಿದವರಿಗೆ ಅಭಯ, ರೋಗಿಗೆ ಮದ್ದು, ಅರಿಯಬಯಸುವವರಿಗೆ ಶಾಸ್ತ್ರ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯು ಹತ್ತನೆಯ ಶತಮಾನದಲ್ಲಿ ಮಾಡಿದ್ದು ಈ ನಾಲ್ಕನೆಯ ದಾನವನ್ನು. ಓಲೆಯ ಮೇಲೆ ಕಂಟದಿಂದ ಕೊರೆದು ಸಾವಿರ ಪ್ರತಿ ಮಾಡಿಸುವುದೆಂದರೆ ಎಷ್ಟು ಲಿಪಿಕಾರರಿಗೆ ಎಷ್ಟು ವರ್ಷ ಅನ್ನ ಹಾಕಿರಬೇಕು ಎಂದು ಊಹಿಸಿದರೆ, ಅತ್ತಿಮಬ್ಬೆಯನ್ನು ಆ ಕಾಲದ ಪ್ರಕಾಶಕಿ ಎನ್ನಲು ಅಡ್ಡಿಯಿಲ್ಲ. ಅಚ್ಚು ಬಂದ ಮೇಲೆ ಪ್ರತಿಗಳನ್ನು ಮಾಡುವುದು ಸುಲಭವಾಯಿತು. ಯಾವ ಪಾಠವನ್ನು ಅಚ್ಚು ಹಾಕಬೇಕೆಂದು ನಿರ್ಣಯಿಸುವುದು ಕಷ್ಟದ ಕೆಲಸವಾಗಿ ಉಳಿಯಿತು.

ಅದಕ್ಕೂ ಮೊದಲು ಇನ್ನೊಂದು ತೊಡಕಿತ್ತು: ಓಲೆಗಳನ್ನು ಕಾಯುತ್ತಿದ್ದವರು ಅವುಗಳನ್ನು ಹೊರಗೆ ಬಿಡಲು ಒಪ್ಪುತ್ತಿರಲಿಲ್ಲ. ಈ ತೊಡಕಿನ ಚರಿತ್ರೆಯಲ್ಲಿ ಸೊಲ್ಲಾಪುರಕ್ಕೆ ದೊಡ್ಡ ಪಾತ್ರವಿದೆ. ಪುಷ್ಪದಂತ ಮತ್ತು ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ ಬರೆದ ‘ಧವಲಾ’ ಎಂಬ ವ್ಯಾಖ್ಯಾನವು ದಿಗಂಬರರಿಗೆ ಪರಮ ಪೂಜ್ಯವಾದ ಆಗಮ. ಪರಂಪರೆಯ ಎಣಿಕೆಯಲ್ಲಿ 72,000 ಶ್ಲೋಕಗಳಷ್ಟು ದೊಡ್ಡದು. ಅದರ ಪ್ರಾಚೀನ ತಾಡವೋಲೆ ಪ್ರತಿಗಳು, ಹಳಗನ್ನಡ ಲಿಪಿಯಲ್ಲಿ, ಉಳಿದಿದ್ದುದು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ. ಯಾತ್ರಿಕರಿಗೆ ಅವು ದರ್ಶನದ ವಸ್ತುಗಳಾಗಿದ್ದವು, ಓದಬಲ್ಲವರು ಬೆರಳೆಣಿಕೆಯಷ್ಟು. 1880ರ ದಶಕದಲ್ಲಿ ಮುಂಬೈಯ ಶೇಠ ಮಾಣಿಕಚಂದರು ಅಲ್ಲಿಗೆ ಹೋಗಿ ಆ ಓಲೆಗಳ ಸ್ಥಿತಿಯನ್ನು ಕಂಡು, ತಮ್ಮ ಆಪ್ತರಾದ ಸೊಲ್ಲಾಪುರದ ಶೇಠ ಹಿರಾಚಂದ ನೇಮಚಂದರಿಗೆ ಬರೆದರು. ಹಿರಾಚಂದರೂ ಹೋಗಿ ನೋಡಿದರು. ಇಬ್ಬರ ಪ್ರಯತ್ನದಿಂದ ಹಣ ಕೂಡಿ, 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಉಪಾಧ್ಯಾಯರೂ ಪ್ರತಿ ಮಾಡಲು ಕುಳಿತರು. ಧವಲಾ ಮತ್ತು ಅದರಂಥವೇ ಆದ ಜಯಧವಲಾ, ಮಹಾಬಂಧ ಎಂಬ ಸಿದ್ಧಾಂತಗ್ರಂಥಗಳ ಪ್ರತಿಲೇಖನವು ಮುಗಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳೇ ಹಿಡಿದವು. ಅಷ್ಟಾದರೂ ಹೊಸ ಪ್ರತಿಗಳು ಮೂಡಬಿದಿರೆಯಲ್ಲಿಯೇ ಇರಬೇಕೆಂಬುದು ಅಲ್ಲಿನವರ ಕರಾರು.

ಆಗ ನಡೆದದ್ದನ್ನು ಹೇಗೆ ತೂಗಬೇಕೆಂದು ಇಂದಿಗೂ ಸುಲಭವಾಗಿ ಹೇಳಲಾಗದು. ಗಜಪತಿ ಉಪಾಧ್ಯಾಯರು ವಿದುಷಿಯಾದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡರು. ಅದನ್ನು ತೆಗೆದುಕೊಂಡು ಸೊಲ್ಲಾಪುರಕ್ಕೆ ಬಂದು, ಸಂಭಾವನೆ ಕೊಟ್ಟು ಇರಿಸಿಕೊಳ್ಳಿರೆಂದು ಹಿರಾಚಂದರನ್ನು ಕೇಳಿದರು. ಆ ಗ್ರಂಥಕ್ಕಾಗಿ ಅಷ್ಟು ವರ್ಷ ಶ್ರಮಿಸಿದ್ದ ಹಿರಾಚಂದರು ಅದನ್ನು ಸ್ವೀಕರಿಸಲಿಲ್ಲ. ಮಾಣಿಕಚಂದರಿಗೂ ಸ್ವೀಕರಿಸಬೇಡಿರೆಂದು ಬರೆದರು. ಕೊನೆಗೆ ಆ ಪ್ರತಿ ದೂರದ ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅಲ್ಲಿ ಕನ್ನಡ ಲಿಪಿಯಿಂದ ನಾಗರಿಗೆ ಇಳಿಸುವ ಕೆಲಸಕ್ಕಿದ್ದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಇನ್ನೊಂದು ಪ್ರತಿ ಮಾಡಿಕೊಂಡರು, ಅದರಿಂದ ಹಲವು ಊರುಗಳಿಗೆ ಪ್ರತಿಗಳು ಹಬ್ಬಿದವು. ವಿದಿಶೆಯ ಶೇಠ ಲಕ್ಷ್ಮೀಚಂದ್ರರ ದತ್ತಿಯಿಂದ, ಪ್ರೊಫೆಸರ್ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಹೊರಬಂದದ್ದು ಈ ಗುಟ್ಟಿನ ಪ್ರತಿಯ ಸಂತಾನಗಳನ್ನು ಆಧರಿಸಿಯೇ. ಮುಂದಿನ ಸಂಪುಟಗಳಿಗೆ ಮೂಡಬಿದಿರೆಯವರೇ ಸಹಕರಿಸಿ ಮೂಲ ಓಲೆಗಳೊಂದಿಗೆ ಹೋಲಿಸಿ ನೋಡಲು ಅವಕಾಶ ಕೊಟ್ಟರು; ಹದಿನಾರು ಸಂಪುಟಗಳು 1958ಕ್ಕೆ ಪೂರ್ಣಗೊಂಡವು. ನ್ಯಾಯದ ಮಾತನ್ನು ಬದಿಗಿಟ್ಟು ಹೇಳುವುದಾದರೆ, ಮಿರಜದ ಆ ದಂಪತಿಗಳ ಹೆಸರು ಕನ್ನಡಿಗರ ನೆನಪಿನಲ್ಲಿ ಈಗಿರುವುದಕ್ಕಿಂತ ಹೆಚ್ಚು ಇರಬೇಕಾಗಿತ್ತು.

ಜೀವರಾಜರು ವಿದ್ವಾಂಸರನ್ನು ಕೇಳಲು ಹೊರಟದ್ದು ಧವಲಾದ ಮೊದಲ ಸಂಪುಟ ಬಂದ ಮರುವರ್ಷ. ಓಲೆಗಳು ಅಚ್ಚಾಗಬಹುದು, ಅಚ್ಚಾದರೆ ಲೋಕವೇನೂ ಮುಳುಗದು ಎಂದು ಸಮಾಜಕ್ಕೆ ಮನವರಿಕೆಯಾಗುತ್ತಿದ್ದ ಹೊತ್ತು ಅದು. ಸಂಘದ ಅಡಿಯಲ್ಲಿ ಆರಂಭವಾದ ಮಾಲೆಗೆ ಜೀವರಾಜರ ಹೆಸರನ್ನಿಡಲಾಯಿತು. ಪ್ರಕಟಣೆಯ ವಿಳಾಸ ಸೊಲ್ಲಾಪುರದ ಫಲಟಣ ಗಲ್ಲಿ. ಮಾಲೆಯ ಪ್ರಧಾನ ಸಂಪಾದಕರಾಗಿ ಇಬ್ಬರು ನಿಂತರು. ಒಬ್ಬರು ಧವಲಾದ ಹೀರಾಲಾಲ ಜೈನರು. ಇನ್ನೊಬ್ಬರು ನಮ್ಮವರೇ, ಗಡಿಯವರೇ ಆದ ಆದಿನಾಥ ನೇಮಿನಾಥ ಉಪಾಧ್ಯೆಯವರು.

ಆ. ನೇ. ಉಪಾಧ್ಯೆಯವರು 1906ರಲ್ಲಿ ಚಿಕ್ಕೋಡಿ ತಾಲ್ಲೂಕಿನ ಸದಲಗದಲ್ಲಿ ಹುಟ್ಟಿದವರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕಗಳ ಕಾಲ ಅರ್ಧಮಾಗಧಿ ಪ್ರಾಕೃತವನ್ನು ಕಲಿಸಿದವರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. 1935ರಲ್ಲಿಯೇ ಕುಂದಕುಂದರ ಪ್ರವಚನಸಾರವನ್ನು ಸಂಪಾದಿಸಿ ದೇಶವಿದೇಶಗಳ ವಿದ್ವಾಂಸರ ಗಮನ ಸೆಳೆದಿದ್ದರು. ದಿಗಂಬರ ಪ್ರಾಕೃತ ಗ್ರಂಥಗಳ ಸಂಪಾದಕನಿಗೆ ಕನ್ನಡ ಗೊತ್ತಿರುವುದು ದೊಡ್ಡ ಬಲ. ಆ ಗ್ರಂಥಗಳ ಹಳೆಯ ಪ್ರತಿಗಳು ಉಳಿದಿರುವುದು ಮೂಡಬಿದಿರೆ, ಕಾರ್ಕಳ, ಶ್ರವಣಬೆಳಗೊಳಗಳ ಭಂಡಾರಗಳಲ್ಲಿ; ಭಾಷೆ ಪ್ರಾಕೃತವಾದರೂ ಅಕ್ಷರ ಕನ್ನಡ. ಹಳಗನ್ನಡ ಲಿಪಿಯ ರೂಢಿಯಿಲ್ಲದವನಿಗೆ ಒಂದಕ್ಕೊಂದು ಹೋಲುವ ಅಕ್ಷರಗಳೇ ಬಲೆಯಾಗುತ್ತವೆ.

ಗ್ರಂಥಸಂಪಾದನೆಯಲ್ಲಿ ಹಣ ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ಮಾಲೆಯ ಮೊದಲ ಕೃತಿಯಿಂದಲೇ ತಿಳಿಯಬಹುದು. ಅದು ಯತಿವೃಷಭರ ‘ತಿಲೋಯಪಣ್ಣತ್ತಿ’, ಮೂರು ಲೋಕಗಳ ವರ್ಣನೆಯ ಪ್ರಾಕೃತ ಗ್ರಂಥ. ಒಂಬತ್ತು ಮಹಾಧಿಕಾರಗಳಲ್ಲಿ ನರಕ, ಮಧ್ಯಲೋಕ, ಸ್ವರ್ಗಗಳ ಅಳತೆ, ಬೃಹತ್ ಸಂಖ್ಯೆಗಳ ಗಣಿತ, ಮಹಾವೀರರ ನಿರ್ವಾಣದ ನಂತರದ ರಾಜವಂಶಗಳ ಕಾಲಗಣನೆ ಎಲ್ಲವೂ ಬರುತ್ತವೆ. ಇಂಥ ಗ್ರಂಥದಲ್ಲಿ ಲಿಪಿಕಾರನ ಒಂದು ಅಕ್ಷರದೋಷವು ಒಂದು ಲೋಕದ ಅಳತೆಯನ್ನೇ ಕೆಡಿಸಬಲ್ಲದು. ಸಂಪಾದಕರು ಮೊದಲು ಪ್ರತಿಗಳೆಲ್ಲಿವೆ ಎಂದು ಹುಡುಕಿಸಬೇಕು, ಮಠ ಭಂಡಾರಗಳವರ ಒಪ್ಪಿಗೆ ಪಡೆಯಬೇಕು, ಪ್ರತಿ ಮಾಡಿಸಬೇಕು. ನಂತರ ಒಂದೊಂದು ಗಾಹೆಯನ್ನೂ, ಅಂದರೆ ಪ್ರಾಕೃತ ಪದ್ಯವನ್ನೂ, ಎಲ್ಲ ಪ್ರತಿಗಳಲ್ಲಿ ಓದಿ, ಛಂದಸ್ಸಿಗೂ ವ್ಯಾಕರಣಕ್ಕೂ ಅರ್ಥಕ್ಕೂ ಹೊಂದುವ ಪಾಠವನ್ನು ಮೇಲಿಟ್ಟು, ಉಳಿದ ಪಾಠಾಂತರಗಳನ್ನು ಬಿಸಾಡದೆ ಅಡಿಯಲ್ಲಿ ನಮೂದಿಸಬೇಕು. ತಾವು ಊಹಿಸಿ ತಿದ್ದಿದ್ದರೆ ತಿದ್ದಿದ್ದೇವೆಂದು ಗುರುತು ಹಾಕಬೇಕು. ಆಮೇಲೆ ಅನುವಾದ, ಪದ್ಯಗಳ ಅಕಾರಾದಿ, ಪಾರಿಭಾಷಿಕ ಪದಗಳ ಸೂಚಿ, ಗ್ರಂಥಕರ್ತನ ಕಾಲವಿಚಾರದ ಪೀಠಿಕೆ. ಕಡೆಗೆ ಕರಡು ತಿದ್ದುವುದು. ಇದಕ್ಕೆಲ್ಲ ಪಂಡಿತರಿಗೆ ಸಂಭಾವನೆ, ಪ್ರಯಾಣದ ವೆಚ್ಚ, ಅಂಚೆ, ಕಾಗದ, ಅಚ್ಚುಮೊಳೆ ಜೋಡಿಸುವವರ ಕೂಲಿ. ತಿಲೋಯಪಣ್ಣತ್ತಿಯ ಮೊದಲ ಭಾಗವು ಬಾಲಚಂದ್ರ ಶಾಸ್ತ್ರಿಗಳ ಹಿಂದಿ ಅನುವಾದದೊಂದಿಗೆ, ಯುದ್ಧದಿಂದಾಗಿ ಕಾಗದವೇ ದುರ್ಲಭವಾಗಿದ್ದ 1943ರಲ್ಲಿ ಬಂತು. ಎರಡನೆಯ ಭಾಗಕ್ಕೆ 1951ರವರೆಗೆ ಕಾಯಬೇಕಾಯಿತು.

ಆ ಆವೃತ್ತಿಯು ಮುಖ್ಯವಾಗಿ ಉತ್ತರದ ನಾಗರಿ ಪ್ರತಿಗಳನ್ನು ನೆಚ್ಚಿಕೊಂಡಿತ್ತು. ದಶಕಗಳ ಬಳಿಕ ಬೇರೊಂದು ಕಡೆಯಿಂದ ಹೊಸ ಆವೃತ್ತಿ ಸಿದ್ಧವಾಗುವಾಗ ಕನ್ನಡ ಲಿಪಿಯ ಪ್ರತಿಗಳನ್ನು ಹೋಲಿಸಲಾಗಿ, ಬಿಟ್ಟುಹೋಗಿದ್ದ ಗಾಹೆಗಳು ಸಿಕ್ಕವು, ಕೆಟ್ಟ ಪಾಠಗಳು ನೇರವಾದವು. ಮೊದಲ ಸಂಪಾದಕರು ತಮ್ಮ ಮುಂದಿದ್ದ ಪ್ರತಿಗಳಾವುವು, ಯಾವುದರಲ್ಲಿ ಏನಿದೆ ಎಂಬುದನ್ನು ಪ್ರಾಮಾಣಿಕವಾಗಿ ಬರೆದಿಟ್ಟಿದ್ದರಿಂದಲೇ ಮುಂದಿನವರಿಗೆ ಎಲ್ಲಿ ಹುಡುಕಬೇಕೆಂಬುದು ತಿಳಿಯಿತು. ಶಾಸ್ತ್ರದಾನಕ್ಕೆ ಶಾಸ್ತ್ರೀಯ ಸಂಪಾದನೆ ಸೇರಿದಾಗ ಆಗುವ ಪ್ರಯೋಜನವಿದು.

ಕನ್ನಡ ಓದುಗರ ದೃಷ್ಟಿಯಿಂದ ಈ ಮಾಲೆಯ ಮೂರು ಕೃತಿಗಳನ್ನು ವಿಶೇಷವಾಗಿ ಹೇಳಬೇಕು. 1949ರಲ್ಲಿ ಅಸ್ಸಾಮಿನ ಕೃಷ್ಣಕಾಂತ ಹಂದಿಕೈ ಅವರು ಇಂಗ್ಲಿಷಿನಲ್ಲಿ ಬರೆದ, ಸೋಮದೇವನ ಯಶಸ್ತಿಲಕ ಚಂಪುವನ್ನು ಕುರಿತ ಬೃಹತ್ ಅಧ್ಯಯನ ಮಾಲೆಯ ಎರಡನೆಯ ಗ್ರಂಥವಾಗಿ ಬಂತು. ಸೋಮದೇವನು ತನ್ನ ಕಾವ್ಯವನ್ನು ಮುಗಿಸಿದ್ದು ಕ್ರಿ.ಶ. 959ರಲ್ಲಿ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದಾಗ, ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ, ಗಂಗಾಧರವೆಂಬ ಊರಿನಲ್ಲಿ. ಪಂಪನನ್ನು ಪೊರೆದ ಅರಿಕೇಸರಿಯ ಮಗನ ಕಾಲ ಅದು. ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವಿರುವ ಪ್ರದೇಶದ ಗಂಗಾಧರವೇ ಆ ಊರೆಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಆ ಕಾಲದ ಮತಗಳು, ರಾಜನೀತಿ, ಜನಜೀವನಗಳನ್ನು ಒಂದೇ ಕಾವ್ಯದಿಂದ ಹಂದಿಕೈ ಹೊರತೆಗೆದಿರುವ ಬಗೆಯನ್ನು ನೋಡಿದರೆ, ಪಂಪನ ಸುತ್ತಲಿನ ಲೋಕವನ್ನು ಅರಿಯಬಯಸುವ ಕನ್ನಡಿಗನಿಗೆ ಇದು ತನ್ನ ಮನೆಯ ಪುಸ್ತಕವೇ ಅನಿಸುತ್ತದೆ. 1963ರಲ್ಲಿ ಬಂದದ್ದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ, ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದದೊಂದಿಗೆ. ಗ್ರಂಥದ ಆರಂಭದಲ್ಲಿ ಸ್ತುತಿಸಲ್ಪಟ್ಟವನು ಅಮೋಘವರ್ಷ ನೃಪತುಂಗ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಒಡೆಯ. ಮದ್ರಾಸಿನಿಂದ 1912ರಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಬಂದಿದ್ದ ಆವೃತ್ತಿಯ ನಂತರ ಈ ಗ್ರಂಥವನ್ನು ಮತ್ತೆ ಓದುಗರ ಕೈಗೆ ತಂದದ್ದು ಸೊಲ್ಲಾಪುರ.

ಮೂರನೆಯದು ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜೈನಧರ್ಮವನ್ನೂ ಕೆಲವು ಜೈನ ಶಾಸನಗಳನ್ನೂ ಕುರಿತ ಇಂಗ್ಲಿಷ್ ಗ್ರಂಥ. ಆಂಧ್ರ, ತಮಿಳುನಾಡು, ಕರ್ನಾಟಕಗಳ ಜೈನ ನೆಲೆಗಳನ್ನು ಊರೂರಾಗಿ ಪರಿಶೀಲಿಸಿ, ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ಕೊಪ್ಪಳದ ಕಡೆಯ ಕನ್ನಡ ಶಾಸನಗಳನ್ನು ಅವರು ಬೆಳಕಿಗೆ ತಂದರು. ನಿಜಾಮನ ಆಳ್ವಿಕೆಯಲ್ಲಿದ್ದ ಕನ್ನಡ ನಾಡಿನ ಶಾಸನಗಳು ಒಬ್ಬ ಹೂಮಡ ವರ್ತಕನ ಆಸ್ತಿಯಿಂದ, ಮರಾಠಿ ಸೀಮೆಯ ಊರೊಂದರಿಂದ ಅಚ್ಚಾದುವೆಂಬುದನ್ನು ಗಡಿಯ ತಕರಾರುಗಳಲ್ಲಿಯೇ ಮುಳುಗಿದವರು ಒಮ್ಮೆ ಗಮನಿಸಬೇಕು. ಇವಲ್ಲದೆ ಪಿ. ಎಲ್. ವೈದ್ಯರು ಸಂಪಾದಿಸಿದ ತ್ರಿವಿಕ್ರಮನ ಪ್ರಾಕೃತ ವ್ಯಾಕರಣ, ಭಟ್ಟಾರಕರ, ಅಂದರೆ ದಿಗಂಬರ ಮಠಾಧಿಪತಿಗಳ, ಪರಂಪರೆಗಳ ಶಾಸನ ಪ್ರಶಸ್ತಿಗಳನ್ನು ಒಟ್ಟುಗೂಡಿಸಿದ ಜೋಹರಾಪುರಕರರ ‘ಭಟ್ಟಾರಕ ಸಂಪ್ರದಾಯ’, ಜಂಬೂದೀವಪಣ್ಣತ್ತಿ, ಲೋಕವಿಭಾಗ ಮುಂತಾದ ಗ್ರಂಥಗಳೂ ಇವೆ.

ಇದೇ ಸೀಮೆಯಲ್ಲಿ ಜೈನ ದಾನಧರ್ಮವು ಹಿಡಿದ ಬೇರೆ ದಾರಿಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಜೀವರಾಜರ ಆಯ್ಕೆಯ ವೈಶಿಷ್ಟ್ಯ ತಿಳಿಯುತ್ತದೆ. ನಿಪ್ಪಾಣಿಯ ಹತ್ತಿರದ ಸ್ತವನಿಧಿಯಲ್ಲಿ 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಹಳ್ಳಿಯ ಒಕ್ಕಲು ಮಕ್ಕಳ ಓದಿಗಾಗಿ ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳನ್ನು ನಡೆಸಿತು. ಕೊಲ್ಹಾಪುರದ ಬೋರ್ಡಿಂಗಿಗೆ ಶೇಠ ಮಾಣಿಕಚಂದರ ಧನಸಹಾಯವಿತ್ತು. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಜೈನ ಮನೆತನದ ಭಾವೂರಾವ ಪಾಟೀಲರು 1919ರಲ್ಲಿ ಕರಾಡದ ಬಳಿಯ ಕಾಲೆಯಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಎಲ್ಲ ಜಾತಿಗಳ ಬಡ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಓದಿಸಿದರು. ಅವರಲ್ಲಿ ಕೊಡಲು ಆಸ್ತಿ ಇರಲಿಲ್ಲ, ಊರೂರು ಅಲೆದು ಕೂಡಿಸಿದ ಕಾಳು ಕಾಸುಗಳಿದ್ದವು. ಎಷ್ಟು ಜನರ ಬದುಕನ್ನು ಮುಟ್ಟಿತು ಎಂಬ ಅಳತೆಯಲ್ಲಿ ಪಾಟೀಲರ ಕೆಲಸದ ಮುಂದೆ ಯಾವ ಗ್ರಂಥಮಾಲೆಯೂ ನಿಲ್ಲಲಾರದು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಗ್ರಂಥಗಳ ರಕ್ಷಣೆಯಲ್ಲಿಯೇ ಇನ್ನೊಂದು ದಾರಿಯಿತ್ತು. ಬೆಳಗಾವಿ ಜಿಲ್ಲೆಯ ಭೋಜದ ಆಚಾರ್ಯ ಶಾಂತಿಸಾಗರರು, ಓಲೆಗಳು ಹುಳುಹಿಡಿದು ಆಗಮಗಳು ನಾಶವಾಗುತ್ತಿರುವುದನ್ನು ಕೇಳಿ ನೊಂದು, ಧವಲಾದಿ ಸಿದ್ಧಾಂತಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೆತ್ತಿಸುವಂತೆ ಪ್ರೇರೇಪಿಸಿದರು. ಆ ತಾಮ್ರಪಟಗಳು ಫಲಟಣದಲ್ಲಿವೆ. ತಾಮ್ರದ ಮೇಲಿನ ಅಕ್ಷರವು ಸಾವಿರ ವರ್ಷ ಬಾಳಬಹುದು, ಆದರೆ ಅದನ್ನು ಓದಲು ಫಲಟಣಕ್ಕೇ ಹೋಗಬೇಕು. ಕಾಗದದ ಪುಸ್ತಕ ನೂರು ವರ್ಷದಲ್ಲಿ ಪುಡಿಯಾದರೂ ಅಷ್ಟರಲ್ಲಿ ಮೈಸೂರಿಗೂ ಗೌಹಾಟಿಗೂ ಹೋಗಿರುತ್ತದೆ. 1944ರಲ್ಲಿಯೇ ಸಾಹು ಶಾಂತಿಪ್ರಸಾದ ಜೈನರು ಭಾರತೀಯ ಜ್ಞಾನಪೀಠವನ್ನು ಸ್ಥಾಪಿಸಿದರು. ಅದರ ಪ್ರಶಸ್ತಿಯನ್ನು ಕನ್ನಡಿಗರೆಲ್ಲರೂ ಬಲ್ಲರು. ಅದೇ ಸಂಸ್ಥೆಯ ಮೂರ್ತಿದೇವಿ ಗ್ರಂಥಮಾಲೆಗೂ ಹೀರಾಲಾಲರು ಮತ್ತು ಉಪಾಧ್ಯೆಯವರೇ ಪ್ರಧಾನ ಸಂಪಾದಕರಾಗಿದ್ದರು. ಮೂಡಬಿದಿರೆ, ಕಾರ್ಕಳ ಮುಂತಾದ ಕಡೆಗಳ ಓಲೆಗಳನ್ನು ಪಟ್ಟಿ ಮಾಡಿದ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರೀಯ ಗ್ರಂಥಸೂಚಿಯನ್ನು 1948ರಲ್ಲಿ ಪ್ರಕಟಿಸಿದ್ದೂ ಜ್ಞಾನಪೀಠವೇ. ದಾನಿಗಳು ಇಬ್ಬರು, ಊರುಗಳು ಎರಡು, ವಿದ್ವಾಂಸರು ಮಾತ್ರ ಅವರೇ. ಇಂಥ ದಾನಕ್ಕೆ ಹಣಕ್ಕಿಂತ ದುರ್ಲಭವಾದ ವಸ್ತು ಯಾವುದೆಂಬುದು ಇದರಿಂದ ತಿಳಿಯುತ್ತದೆ, ಮತ್ತು ಜೀವರಾಜರು ಮೊದಲು ವಿದ್ವಾಂಸರ ಮನೆಬಾಗಿಲಿಗೆ ಹೋದದ್ದು ಎಷ್ಟು ಸರಿಯಾಗಿತ್ತೆಂಬುದೂ.

ಮಾಲೆಯ ಬಗ್ಗೆ ಒಂದು ಕೊರತೆಯನ್ನೂ ಹೇಳಬೇಕು. ಮೂಲಗ್ರಂಥಗಳ ಅನುವಾದಗಳು ಹೆಚ್ಚಾಗಿ ಹಿಂದಿಯಲ್ಲಿ, ಪೀಠಿಕೆಗಳು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇವೆ. ಮರಾಠಿ ಪುಸ್ತಕಗಳೂ ಬಂದಿವೆ. ಯಾವ ಲಿಪಿಯ ಓಲೆಗಳಲ್ಲಿ ಈ ಸಾಹಿತ್ಯ ಬದುಕಿ ಉಳಿಯಿತೋ ಆ ಲಿಪಿಯನ್ನು ಓದುವವರಿಗೆ ಅದು ಪರಭಾಷೆಯ ಮೂಲಕವೇ ದಕ್ಕಬೇಕಾದ ಸ್ಥಿತಿ ಬಹಳ ಕಾಲ ಇತ್ತು. ಇದಕ್ಕೆ ಸೊಲ್ಲಾಪುರದ ಸಂಘವನ್ನು ದೂರುವುದು ನ್ಯಾಯವಲ್ಲ. ದೇಶದ ದಿಗಂಬರ ಓದುಗರಲ್ಲಿ ಬಹುಪಾಲು ಹಿಂದಿಯವರು. ಕನ್ನಡದಲ್ಲಿ ಆ ಕೆಲಸವನ್ನು ಮಾಡಬೇಕಾದವರು ಕನ್ನಡಿಗರು.

ಜೀವರಾಜರು 1957ರ ಜನವರಿ 16ರಂದು ಸಮಾಧಿಮರಣವನ್ನು ಸಾಧಿಸಿದರು, ಅಂದರೆ ಎಚ್ಚರದಿಂದ, ಸಮಾಧಾನದಿಂದ, ವ್ರತಪೂರ್ವಕವಾಗಿ ದೇಹವನ್ನು ಬಿಟ್ಟರು. ಪಿ. ಬಿ. ದೇಸಾಯಿಯವರ ಗ್ರಂಥ ಬಂದದ್ದು ಅದೇ ವರ್ಷ. ಗಣಿತಸಾರಸಂಗ್ರಹಕ್ಕೆ ಇನ್ನೂ ಆರು ವರ್ಷಗಳಿದ್ದವು. ಅಮರಾವತಿಯ ಧವಲಾ ಸಂಪುಟಗಳು ಸಿಗದಂತಾದಾಗ 1973ರಿಂದ ಅವುಗಳ ಪರಿಷ್ಕೃತ ಆವೃತ್ತಿಯನ್ನು ತರುವ ಹೊಣೆಯನ್ನು ಹೊತ್ತದ್ದು ಜೀವರಾಜರ ಸಂಘವೇ. ಹಿರಾಚಂದ ನೇಮಚಂದರು ಗುಟ್ಟಿನ ಪ್ರತಿಯೆಂದು ಹೊಸ್ತಿಲಿನಿಂದ ಹಿಂದಕ್ಕೆ ಕಳಿಸಿದ್ದ ಗ್ರಂಥವು ಹೀಗೆ, ಮೂಡಬಿದಿರೆಯ ಓಲೆಗಳೊಂದಿಗೆ ತಾಳೆ ನೋಡಿದ ಪಾಠದೊಡನೆ, ಸೊಲ್ಲಾಪುರದಿಂದ ರಾಜಾರೋಷವಾಗಿ ಹೊರಟಿತು.

ಈ ಮಾಲೆಯನ್ನು ಹೊಸದಾಗಿ ಪ್ರವೇಶಿಸುವ ಕನ್ನಡಿಗರು ತಿಲೋಯಪಣ್ಣತ್ತಿಯಿಂದ ಆರಂಭಿಸಬೇಕಾಗಿಲ್ಲ. ಅದರ ಅಳತೆಗಳ ಕಾಡಿನಲ್ಲಿ ದಾರಿ ತಪ್ಪುವುದು ಖಂಡಿತ. ದೇಸಾಯಿಯವರ ಪುಸ್ತಕದ ಕರ್ನಾಟಕದ ಭಾಗವನ್ನು, ಅದರಲ್ಲಿಯೂ ಕೊಪ್ಪಳವನ್ನು ಕುರಿತ ಪುಟಗಳನ್ನು ಮೊದಲು ಓದಿ, ಅಲ್ಲಿಂದ ಹಂದಿಕೈಯವರ ಯಶಸ್ತಿಲಕಕ್ಕೆ ಹೋಗುವುದು ಸುಗಮವಾದ ದಾರಿ. ಗಣಿತದಲ್ಲಿ ಆಸಕ್ತಿಯಿರುವವರು ಗಣಿತಸಾರಸಂಗ್ರಹವನ್ನು ನೇರವಾಗಿಯೇ ತೆರೆಯಬಹುದು. ಅದರ ಲೆಕ್ಕಗಳು ಹೈಸ್ಕೂಲಿನ ಅಂಕಗಣಿತ ಬಲ್ಲವರಿಗೆ ಬಹುಮಟ್ಟಿಗೆ ಅರ್ಥವಾಗುತ್ತವೆ.